ಸೋಲಾರ್ ಹಾಕುವ ಹೊಲದಲ್ಲಿ ಗೌಜಲ ಹಕ್ಕಿಗೂ ಜಾಗ ಉಳಿಯುತ್ತದಾ?

ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಅಣ್ಣತಮ್ಮಂದಿರು ಮೂವರದೂ ಸೇರಿ 14 ಎಕರೆ ಮಳೆ ನಂಬಿದ ಹೊಲ. ಕಡಲೆಕಾಯಿ ಹಾಕಿ ಹಾಕಿ ಸಾಕಾಗಿದೆ. ಕುಸುಮ್ ಯೋಜನೆಯಲ್ಲಿ 2 ಮೆಗಾವ್ಯಾಟ್ ಸೋಲಾರ್ ಘಟಕಕ್ಕೆ ಒಂದು ಕಂಪನಿಯವರು ಜಮೀನನ್ನು ಗುತ್ತಿಗೆಗೆ ಕೇಳುತ್ತಿದ್ದಾರೆ. ಜೆಸಿಬಿ ತಂದು ಎಲ್ಲ ಸಮ ಮಾಡಿ, ಕಳೆನಾಶಕ ಹೊಡೆದು, ಜಲ್ಲಿ ಹಾಸಿ, ಸುತ್ತ ಬೇಲಿ ಹಾಕುತ್ತೇವೆ ಅನ್ನುತ್ತಾರೆ. ಹೊಲದ ಒಂದು ಕಡೆ ಗೋಮಾಳ, ಇನ್ನೊಂದು ಕಡೆ ಹಳ್ಳ. ಮೊಲ, ಗೌಜಲ, ನವಿಲು, ಗುಳ್ಳೆನರಿ ಎಲ್ಲವನ್ನೂ ಚಿಕ್ಕಂದಿನಿಂದ ಅಲ್ಲೇ ನೋಡಿದ್ದೇವೆ. 'ಅವೆಲ್ಲ ಎಲ್ಲಿಗೆ ಹೋಗಬೇಕು?' ಅಂತ ಅಪ್ಪ ಕೇಳುತ್ತಾರೆ. ಸೋಲಾರೂ ಇರಬೇಕು, ಅವೂ ಇರಬೇಕು. ಹಾಗೆ ಮಾಡಲು ಆಗುತ್ತದಾ?

ಉತ್ತರ: ಆಗುತ್ತದೆ. ಆದರೆ ಎಲ್ಲ ಜಮೀನಿನಲ್ಲೂ ಆಗುವುದಿಲ್ಲ. ಪ್ಯಾನೆಲ್ ಬಂದ ಮೇಲೆ ಯೋಚನೆ ಶುರು ಮಾಡಿದರಂತೂ ಆಗುವುದೇ ಇಲ್ಲ. ನಿಮ್ಮ ಅಪ್ಪ ಕೇಳಿದ ಪ್ರಶ್ನೆಯನ್ನು ಕಂಪನಿಯವರು ಮೊದಲು ಕೇಳಬೇಕಿತ್ತು. ನೀವಿನ್ನೂ ಕರಾರಿಗೆ ಸಹಿ ಹಾಕಿಲ್ಲ ಅನ್ನಿಸುತ್ತದೆ, ಅದು ಒಳ್ಳೆಯದೇ ಆಯಿತು. ಸಹಿಗೆ ಮೊದಲು ನೀವು ಕೇಳಿದ್ದಕ್ಕೆ ಬೆಲೆ ಇರುತ್ತದೆ. ಆಮೇಲೆ ಬರೀ ಬೇಡಿಕೊಳ್ಳಬೇಕಾಗುತ್ತದೆ.

ಮೊದಲು ನಿಮ್ಮ 14 ಎಕರೆಯನ್ನು ಒಮ್ಮೆ ಸುತ್ತಿ ಬನ್ನಿ. ಅಪ್ಪನನ್ನೂ ಕರೆದುಕೊಂಡು ಹೋಗಿ. ಯಾವ ಭಾಗದಲ್ಲಿ ನೇಗಿಲು ಬಿದ್ದಿದೆ, ಯಾವ ಭಾಗದಲ್ಲಿ ಎಂದೂ ಬಿದ್ದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ. ವರ್ಷಗಟ್ಟಲೆ ಉತ್ತು, ಗೊಬ್ಬರ ಔಷಧಿ ಸುರಿದು, ಕಡಲೆಕಾಯಿ ಒಂದನ್ನೇ ಬೆಳೆದು ಬಳಲಿದ ಕೆಂಪು ಮಣ್ಣು ಒಂದು ಥರ. ಎಂದೂ ಉಳದ ಕಲ್ಲುಮಿಶ್ರಿತ ಹುಲ್ಲುನೆಲ ಇನ್ನೊಂದು ಥರ. ಬಳಲಿದ ಹೊಲದಲ್ಲಿ ಸೋಲಾರ್ ಹಾಕಿ, ಕೆಳಗಿನ ನೆಲವನ್ನು ಸರಿಯಾಗಿ ನೋಡಿಕೊಂಡರೆ ಇವತ್ತು ಇರುವುದಕ್ಕಿಂತ ಜಾಸ್ತಿ ಜೀವ ಅಲ್ಲಿ ಸೇರಿಕೊಳ್ಳುತ್ತದೆ. ಹುಲ್ಲುನೆಲದಲ್ಲಿ ಎಷ್ಟೇ ನಾಜೂಕಾಗಿ ಮಾಡಿದರೂ ಇದ್ದದ್ದು ಕಡಿಮೆಯೇ ಆಗುತ್ತದೆ. ಅಲ್ಲಿ ಮೊಟ್ಟೆ ಇಡುವ ಟಿಟ್ಟಿಭಕ್ಕೆ, ನೆಲಗುಬ್ಬಿಗೆ ಬಯಲೇ ಬೇಕು. ದೂರದವರೆಗೆ ಕಣ್ಣು ಹಾಯಬೇಕು. ಪ್ಯಾನೆಲ್ ಸಾಲು ಬಂದರೆ ಅವು ಬಿಟ್ಟು ಹೋಗುತ್ತವೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಮ್ಮ ದಾಖಲೆಗಳಲ್ಲಿ ಇಂಥ ನೆಲಕ್ಕೆ ಖರಾಬು, ಬಂಜರು ಅಂತ ಹೆಸರು. ಕೇಂದ್ರ ಸರ್ಕಾರ ಉಪಗ್ರಹ ಚಿತ್ರ ನೋಡಿ ಮಾಡುವ ವೇಸ್ಟ್‌ಲ್ಯಾಂಡ್ ಅಟ್ಲಾಸ್‌ನಲ್ಲೂ ಕುರುಚಲು ಕಾಡು, ಹುಲ್ಲುನೆಲ ಎಷ್ಟೋ ಪಾಳು ಭೂಮಿಯ ಲೆಕ್ಕದಲ್ಲಿ ಬರುತ್ತವೆ. ಸೋಲಾರ್‌ಗೆ ಜಾಗ ಹುಡುಕುವವರು ಆ ನಕ್ಷೆ ಹಿಡಿದೇ ಬರುತ್ತಾರೆ. ಆದರೆ ನಿಮ್ಮದೇ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ ನೋಡಿ. ಜಯಮಂಗಲಿ ಕೃಷ್ಣಮೃಗ ಮೀಸಲು ಸುಮಾರು 800 ಎಕರೆಯ ಅಂಥದ್ದೇ ಹುಲ್ಲುನೆಲ. ಕಾಗದದಲ್ಲಿ 'ಏನೂ ಇಲ್ಲ' ಅನ್ನಿಸುವ ಇಂಥ ಜಾಗದಲ್ಲಿ ಬೆಳಿಗ್ಗೆ ಆರು ಗಂಟೆಗೆ ಹೋಗಿ ನಿಂತರೆ ಕೃಷ್ಣಮೃಗದ ಹಿಂಡು ಎದುರಿಗೇ ಇರುತ್ತದೆ. ಇನ್ನೊಂದು ವಿಷಯ. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಸೋಲಾರ್ ಪ್ಯಾನೆಲ್ ಘಟಕಗಳಿಗೆ ಪರಿಸರ ಅನುಮತಿ ಬೇಕಿಲ್ಲ. ಅಂದರೆ ಆ ನಿಯಮದಡಿ ಯಾರೂ ಬಂದು ನಿಮ್ಮ ಹೊಲದಲ್ಲಿ ಏನಿದೆ ಅಂತ ನೋಡುವುದಿಲ್ಲ. ನೀವೇ ನೋಡಬೇಕು.

ನಿಮಗೊಂದು ಅನುಕೂಲ ಇದೆ. 1 ಮೆಗಾವ್ಯಾಟ್‌ಗೆ ಸಾಮಾನ್ಯವಾಗಿ 4ರಿಂದ 5 ಎಕರೆ ಬೇಕು. ನಿಮ್ಮ 2 ಮೆಗಾವ್ಯಾಟ್‌ಗೆ ಹೆಚ್ಚೆಂದರೆ 10 ಎಕರೆ. ಉಳಿದ 4 ಎಕರೆ ಎಲ್ಲಿ ಉಳಿಯಬೇಕು ಅನ್ನುವುದೇ ನಿಮ್ಮ ದೊಡ್ಡ ತೀರ್ಮಾನ. ಕಂಪನಿಯವರು ಚೌಕವಾಗಿ 10 ಎಕರೆ ಕತ್ತರಿಸಿಕೊಂಡು, ಮೂಲೆ ಮುರುಕನ್ನು ನಿಮಗೆ ಬಿಡಲು ನೋಡುತ್ತಾರೆ. ಅದಕ್ಕೆ ಒಪ್ಪಬೇಡಿ. ಹಳ್ಳದಿಂದ ಗೋಮಾಳದವರೆಗೆ ಒಂದು ಪಟ್ಟಿಯಂತೆ ಆ 4 ಎಕರೆ ಬಿಡಿಸಿಕೊಳ್ಳಿ. ಅಗಲ ಕಡಿಮೆಯಾದರೂ ಚಿಂತೆಯಿಲ್ಲ, ನಡುವೆ ತುಂಡಾಗಬಾರದು. ನರಿ, ಮೊಲ, ಉಡ, ನವಿಲು ಈಗ ಓಡಾಡುವುದೂ ಬಹುಶಃ ಅದೇ ದಾರಿಯಲ್ಲಿ, ನೀರು ಒಂದು ಕಡೆ ಮೇವು ಒಂದು ಕಡೆ ಇರುವಾಗ ಇನ್ನೆಲ್ಲಿ ಓಡಾಡುತ್ತವೆ ಹೇಳಿ. ಒಂದು ವಾರ ಬೆಳಿಗ್ಗೆ ಹೋಗಿ ಹೆಜ್ಜೆ, ಹಿಕ್ಕೆ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಪಾವಗಡದ ಸೋಲಾರ್ ಪಾರ್ಕ್ ನೀವು ನೋಡಿಯೇ ಇರುತ್ತೀರಿ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. 2018ರಲ್ಲಿ ಶುರುವಾಗಿ 2019ರ ಕೊನೆಗೆ ಪೂರ್ತಿಯಾಯಿತು. ಜಮೀನು ಕಿತ್ತುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಕೊಟ್ಟರು, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಬರದ ಸೀಮೆಯ ಜಮೀನುದಾರರಿಗೆ ಅದು ನಿಜವಾಗಿ ಆಸರೆ. ಆದರೆ ಜಮೀನಿಲ್ಲದವರಿಗೆ ಗುತ್ತಿಗೆ ಬರಲಿಲ್ಲ. ಕುರಿ ಮೇಯಿಸುವವರಿಗೆ ಸುಗ್ಗಿ ಮುಗಿದ ಮೇಲೆ ಸಿಗುತ್ತಿದ್ದ ಹೊಲಗಳು ಬೇಲಿಯ ಒಳಗೆ ಹೋದವು. ಕುರಿ ಒಳಗೆ ಬರದಿದ್ದರೆ ಹುಲ್ಲನ್ನು ಯಂತ್ರದಿಂದ ಕತ್ತರಿಸಬೇಕು, ಇಲ್ಲ ವಿಷ ಹೊಡೆಯಬೇಕು. ಹೀಗೆ ಜನರ ನಷ್ಟವೂ ಪ್ರಾಣಿಗಳ ನಷ್ಟವೂ ಒಂದೇ ಬೇಲಿಯಿಂದ ಆಗುತ್ತದೆ. ಆ ಪಾರ್ಕನ್ನು 50 ಮೆಗಾವ್ಯಾಟ್‌ನ ಬ್ಲಾಕ್‌ಗಳಾಗಿ ಕಟ್ಟಿದ್ದಾರೆ. ಬ್ಲಾಕ್‌ಗಳ ನಡುವಿನ ಜಾಗದಲ್ಲಿ, ಹಳ್ಳಗಳ ಪಕ್ಕದಲ್ಲಿ ಇವತ್ತಿಗೂ ಒಳ್ಳೆಯ ಕೆಲಸ ಮಾಡಬಹುದು ಅಂತ ನನ್ನ ನಂಬಿಕೆ. ನಿಮ್ಮದು ಅದರ ಸಾವಿರದ ಒಂದು ಪಾಲು. ಅದಕ್ಕೇ ನೀವು ಮೊದಲಿನಿಂದಲೇ ಸರಿಯಾಗಿ ಮಾಡಬಹುದು.

ಈಗ ಜೆಸಿಬಿ ವಿಷಯ. ನೀವು ಒಂದೇ ಒಂದು ಷರತ್ತು ಹಾಕುವುದಾದರೆ ಇದನ್ನೇ ಹಾಕಿ: ಮೇಲ್ಮಣ್ಣು ಕೆರೆಯುವ ಹಾಗಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಜೀವ ಇರುವುದು ಮೇಲಿನ ಒಂದು ಗೇಣಿನಲ್ಲಿ. ಹುಲ್ಲಿನ ಬೀಜ, ಇರುವೆ ಗೂಡು, ಎರೆಹುಳು, ಎಲ್ಲ ಅಲ್ಲೇ. ಅದನ್ನು ಕೆರೆದು ಮೂಲೆಗೆ ತಳ್ಳಿದ ಮೇಲೆ ಉಳಿಯುವುದು ಗಟ್ಟಿ ನೆಲ, ಅದರ ಮೇಲೆ ಮೊದಲು ಬರುವುದು ಕಾಂಗ್ರೆಸ್ ಗಿಡ. ಆಮೇಲೆ ಹತ್ತು ವರ್ಷ ಅದರ ಜೊತೆಗೇ ಹೊಡೆದಾಟ. ನಿಮ್ಮ ಹೊಲ ಈಗಾಗಲೇ ಬದು ಹಾಕಿದ ಹೊಲ, ತೀರಾ ಇಳಿಜಾರಂತೂ ಇರಲಾರದು. ಕಂಬಗಳ ಉದ್ದವನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ ನೆಲದ ಏರಿಳಿತಕ್ಕೆ ಹೊಂದಿಸಲು ಆಗುತ್ತದೆ. ಅದಕ್ಕೆ ಮೊದಲೇ ಅಳತೆ ಮಾಡಬೇಕು, ಅಷ್ಟೆ. ಜೆಸಿಬಿ ಬಾಡಿಗೆ ಉಳಿಯುತ್ತದೆ ಅಂತ ಹೇಳಿ, ಕೇಳುತ್ತಾರೆ.

ಬದುಗಳನ್ನೂ ಉಳಿಸಿಕೊಳ್ಳಿ. ಪ್ಯಾನೆಲ್ ಮೇಲೆ ಬಿದ್ದ ಮಳೆ ಹರಡಿಕೊಂಡು ಇಳಿಯುವುದಿಲ್ಲ, ಕೆಳ ಅಂಚಿನಿಂದ ಒಂದೇ ಗೆರೆಯಲ್ಲಿ ಸುರಿಯುತ್ತದೆ. ಹಳೇ ಮನೆಯ ಸೂರಿನ ನೀರು ಬಿದ್ದಲ್ಲಿ ಗುಂಡಿಯಾಗುತ್ತಿತ್ತಲ್ಲ, ಹಾಗೆ. ಬರಿ ನೆಲ ಇದ್ದರೆ ಎರಡೇ ಮಳೆಗೆ ಕೊರಕಲು ಬೀಳುತ್ತದೆ, ಮಣ್ಣು ಹಳ್ಳಕ್ಕೆ ಹೋಗುತ್ತದೆ. ಹುಲ್ಲಿದ್ದರೆ ಅದೇ ನೀರು ಇಂಗುತ್ತದೆ. ಆ ಗೆರೆಯಲ್ಲಿ ಹುಲ್ಲು ಎಲ್ಲಕ್ಕಿಂತ ಹಸಿರಾಗಿರುತ್ತದೆ, ಬೇಸಗೆ ಶುರುವಾದರೂ ಬೇಗ ಒಣಗುವುದಿಲ್ಲ. ಜಲ್ಲಿ ಹಾಸಿದರೆ ಇದೆಲ್ಲ ಹೋಯಿತು. ಜಲ್ಲಿ ಬಿಸಿಲಿಗೆ ಕಾದು ಪ್ಯಾನೆಲ್‌ಗೂ ಬಿಸಿ ತಾಗುತ್ತದೆ. ಸಿಲಿಕಾನ್ ಪ್ಯಾನೆಲ್ ಒಂದು ಡಿಗ್ರಿ ಹೆಚ್ಚು ಕಾದರೆ ಸುಮಾರು 0.3ರಿಂದ 0.4% ಉತ್ಪಾದನೆ ಇಳಿಯುತ್ತದೆ. ಅಮೆರಿಕದ ಅರಿಜೋನಾದಲ್ಲಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆಳಗೆ ಮೆಣಸಿನಕಾಯಿ ಟೊಮೆಟೊ ಬೆಳೆದ ಪ್ಯಾನೆಲ್‌ಗಳು ಬರಿ ನೆಲದ ಮೇಲಿನವಕ್ಕಿಂತ ಹಗಲಿನಲ್ಲಿ ಸುಮಾರು 9 ಡಿಗ್ರಿ ತಂಪಾಗಿದ್ದವು. ಅಲ್ಲಿ ನೀರು ಹಾಯಿಸಿ ಬೆಳೆದದ್ದು, ನಿಮ್ಮಲ್ಲಿ ಅಷ್ಟು ವ್ಯತ್ಯಾಸ ಸಿಗಲಾರದು. ಆದರೂ ಹುಲ್ಲು ಇದ್ದರೆ ಧೂಳು ಕಡಿಮೆ, ತೊಳೆಯುವ ಖರ್ಚು ಕಡಿಮೆ. ಕಂಪನಿಯ ಇಂಜಿನಿಯರ್ ಹತ್ತಿರ ಹಕ್ಕಿಯ ಮಾತಿಗಿಂತ ಮೊದಲು ಈ ಮಾತು ಆಡಿ.

ಪ್ಯಾನೆಲ್‌ನ ಕೆಳ ಅಂಚು ನೆಲದಿಂದ ಎಷ್ಟು ಎತ್ತರ ಇರಬೇಕು? ಸಾಮಾನ್ಯವಾಗಿ ಮೊಣಕಾಲು ಮಟ್ಟಕ್ಕೆ ಕೂರಿಸುತ್ತಾರೆ. ನೀವು ಸೊಂಟದ ಮಟ್ಟ ಕೇಳಿ, ಅಂದರೆ ಸುಮಾರು 1 ಮೀಟರ್. ಸ್ವಲ್ಪ ಕಬ್ಬಿಣ ಜಾಸ್ತಿ ಬೇಕಾಗುತ್ತದೆ, ಗಾಳಿಗೆ ತಕ್ಕಂತೆ ಕಂಬ ಇನ್ನೂ ಆಳಕ್ಕೆ ಹೋಗಬೇಕು. ಆದರೆ ಹುಲ್ಲನ್ನು ಬುಡದವರೆಗೆ ಪದೇ ಪದೇ ಬೋಳಿಸುವ ಗೋಳು ತಪ್ಪುತ್ತದೆ. ಕುರಿ ಅಡಿಯಲ್ಲಿ ಸಲೀಸಾಗಿ ಓಡಾಡುತ್ತದೆ.

ಸಾಲುಗಳ ನಡುವಿನ ಅಂತರದ ಬಗ್ಗೆ ಒಂದು ಎಚ್ಚರ. ಹೊರದೇಶದ ಚಿತ್ರ ನೋಡಿ ನಮ್ಮಲ್ಲೂ ಹಾಗೇ ಆಗುತ್ತದೆ ಅಂದುಕೊಳ್ಳಬೇಡಿ. ಇಂಗ್ಲೆಂಡ್ 50 ಡಿಗ್ರಿ ಅಕ್ಷಾಂಶಕ್ಕಿಂತಲೂ ಮೇಲಿದೆ. ಸೂರ್ಯ ಕೆಳಗೆ ಇರುತ್ತಾನೆ, ನೆರಳು ಉದ್ದ, ಒಂದು ಸಾಲಿನ ನೆರಳು ಇನ್ನೊಂದರ ಮೇಲೆ ಬೀಳದಿರಲು ಅವರು ಅಗಲ ಜಾಗ ಬಿಡಲೇಬೇಕು. ಆ ಜಾಗ ಹೂವಿಗೆ ಹಕ್ಕಿಗೆ ತಾನಾಗಿ ಸಿಗುತ್ತದೆ. ನಾವಿರುವುದು 14 ಡಿಗ್ರಿ ಹತ್ತಿರ. ಇಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಕೂರಿಸಬಹುದು, ಕೂರಿಸುತ್ತಾರೆ ಕೂಡ. ಹಾಗಾಗಿ ನಮ್ಮಲ್ಲಿ ಜಾಗ ತಾನಾಗಿ ಉಳಿಯುವುದಿಲ್ಲ, ಕೇಳಿ ಬಿಡಿಸಿಕೊಳ್ಳಬೇಕು. ನಾಲ್ಕೈದು ಸಾಲಿಗೆ ಒಂದು ಕಡೆ ಎರಡು ಮಾರು ಅಗಲದ ಖಾಲಿ ಪಟ್ಟಿ ಸಿಕ್ಕರೂ ಬಿಸಿಲು ಬೇಕಾದ ಗಿಡಗಳು ಅಲ್ಲಿ ಬದುಕುತ್ತವೆ.

ಹೊರಗಿನ ಅಧ್ಯಯನಗಳು ನಿಜವಾಗಿ ಭರವಸೆ ಕೊಡುತ್ತವೆ, ಅದನ್ನೂ ಹೇಳಬೇಕು. ಅಮೆರಿಕದ ಮಿನೆಸೋಟದಲ್ಲಿ ಹಳೇ ಬೇಸಾಯದ ಜಮೀನಿನ ಎರಡು ಸೋಲಾರ್ ಘಟಕಗಳಲ್ಲಿ ಆ ನೆಲದ ಹುಲ್ಲು, ಹೂಗಿಡ ಬಿತ್ತಿ 2018ರಿಂದ 2022ರವರೆಗೆ ಎಣಿಸಿದರು. ಕೀಟಗಳು ಒಟ್ಟಾರೆ ಮೂರು ಪಟ್ಟು ಆದವು, ಅಲ್ಲಿನ ಸ್ಥಳೀಯ ಜೇನ್ನೊಣಗಳು 20 ಪಟ್ಟು. ಪಕ್ಕದ ಸೋಯಾ ಹೊಲಗಳಿಗೂ ಆ ಕೀಟಗಳು ಹೋಗುತ್ತಿದ್ದವು. ನಿಮ್ಮ ಅಕ್ಕಪಕ್ಕದವರು ಹುಚ್ಚೆಳ್ಳು ಹಾಕುತ್ತಾರಾ? ಹುಚ್ಚೆಳ್ಳು ಕಾಳು ಕಟ್ಟಲು ಜೇನು ಬರಲೇಬೇಕು. ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಸೇರಿ ಮಾಡಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಲಿ ಪೊದೆ ಉಳಿಸಿಕೊಂಡು ಹುಲ್ಲನ್ನು ಸದಾ ಬೋಳಿಸದೆ ಬಿಟ್ಟ ಸೋಲಾರ್ ಘಟಕಗಳಲ್ಲಿ ಪಕ್ಕದ ಉತ್ತ ಹೊಲಗಳಿಗಿಂತ ಸುಮಾರು ಮೂರು ಪಟ್ಟು ಹಕ್ಕಿಗಳಿದ್ದವು. ಗಮನಿಸಿ, ಒಂದು ಕಡೆ ಹೋಲಿಸಿದ್ದು ಅದೇ ಹಳೇ ಬೇಸಾಯದ ಜಮೀನು ಶುರುವಿನಲ್ಲಿ ಇದ್ದ ಸ್ಥಿತಿಯ ಜೊತೆ, ಇನ್ನೊಂದು ಕಡೆ ಪಕ್ಕದ ಉತ್ತ ಹೊಲದ ಜೊತೆ. ಒಳ್ಳೆಯ ಹುಲ್ಲುಗಾವಲಿನ ಜೊತೆ ಅಲ್ಲ.

ಹಾಗಾದರೆ ಏನು ಬೆಳೆಸಬೇಕು? ಪೇಟೆಯಲ್ಲಿ ಸಿಗುವ ಹುಲ್ಲುಹಾಸು ಬೇಡ, ಹೊರಗಿನ ಮೇವಿನ ಹುಲ್ಲೂ ಬೇಡ. ಬೀಜ ನಿಮ್ಮ ಗೋಮಾಳದಲ್ಲೇ ಇದೆ. ನವೆಂಬರ್ ಡಿಸೆಂಬರ್‌ನಲ್ಲಿ ಹುಲ್ಲು ಬಲಿತಾಗ ಕೊಯ್ದು, ಒಣಗಿಸಿ, ಚೀಲ ಕಟ್ಟಿಡಿ. ರೋಹಿಣಿ ಮಳೆಗೆ ಮುಂಚೆ ಒಣ ಹುಲ್ಲಿನ ಸಮೇತ ಹರಡಿಬಿಡಿ. ಸಾಲಿನ ನಡುವೆ ಗರಿಕೆ, ತುಂಬೆ, ವಿಷ್ಣುಕ್ರಾಂತಿ, ನೆಲನೆಲ್ಲಿ ಥರದ ತಗ್ಗಿನ ಗಿಡಗಳು ಸಾಕು. ಎತ್ತರಕ್ಕೆ ಬೆಳೆಯುವ ಹಂಚಿಕಡ್ಡಿ ಹುಲ್ಲು ಅಂಚುಗಳಿಗೆ, ಆ 4 ಎಕರೆಗೆ ಇರಲಿ. ಅಲ್ಲಿ ಪೊರಕೆ ಕಡ್ಡಿ ಕೊಯ್ಯುವವರಿಗೂ ಒಂದಷ್ಟು ಸಿಗುತ್ತದೆ. ಬೇಲಿ ಪಕ್ಕ ತಂಗಡಿ, ಬಂದರಿಕೆ, ಕವಳೆ, ಎಲಚಿ, ಕಾರೆ ಗಿಡಗಳು ಬರಲಿ. ಗೌಜಲ ಹಕ್ಕಿ ಮರಿಗಳನ್ನು ಕಟ್ಟಿಕೊಂಡು ಓಡಿ ಅಡಗುವುದು ಇಂಥ ಪೊದೆಗೇ. ಉತ್ತರದ ಅಂಚಿನಲ್ಲಿ ಪೊದೆ ಜಾಸ್ತಿ ಇರಲಿ, ಪ್ಯಾನೆಲ್‌ಗಳು ದಕ್ಷಿಣಕ್ಕೆ ಮುಖ ಮಾಡಿರುತ್ತವಲ್ಲ. ಆದರೆ ನಮ್ಮ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಆದ್ದರಿಂದ ಅಲ್ಲೂ ಆಳೆತ್ತರ ಮೀರದ ಗಿಡವೇ ಇರಲಿ.

ಮರ ನೆಡುತ್ತೇವೆ ಅಂತ ಕಂಪನಿಯವರು ಖಂಡಿತ ಹೇಳುತ್ತಾರೆ. ಫೋಟೊ ಚೆನ್ನಾಗಿ ಬರುತ್ತದೆ. ದಯವಿಟ್ಟು ಬೇಡ ಅನ್ನಿ. ಇರುವ ಬೇವು, ಹುಣಸೆ, ಹೊಂಗೆ ಉಳಿಯಲಿ, ಕಡಿಯಲು ಬಿಡಬೇಡಿ. ಆದರೆ ಬಯಲುಸೀಮೆಯ ಹುಲ್ಲುನೆಲಕ್ಕೆ ಸಾಲುಸಾಲಾಗಿ ಮರ ತಂದು ನೆಟ್ಟರೆ ಕಾಗೆ, ಹದ್ದು ಕೂರಲು ಜಾಗ ಮಾಡಿಕೊಟ್ಟ ಹಾಗೆ, ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗಳ ಕಥೆ ಮುಗಿಯಿತು. ಬಳ್ಳಾರಿ ಜಾಲಿ ಎಲ್ಲಾದರೂ ತಲೆ ಎತ್ತಿದರೆ ಮಾತ್ರ ಮೊದಲ ವರ್ಷವೇ ಬೇರು ಸಮೇತ ಕಿತ್ತುಬಿಡಿ.

ಮೊದಲ ವರ್ಷ ನೋಡಿ ಬೇಸರ ಪಡಬೇಡಿ. ಕಾಂಗ್ರೆಸ್ ಗಿಡ, ಉತ್ತರಾಣಿ, ನೆಗ್ಗಿಲು ಇವೇ ತುಂಬಿಕೊಂಡಿರುತ್ತವೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು, ನೆಲ ಹಸಿ ಇರುವಾಗ ಕೀಳಿಸಿ. ಕೈಗವಸು ಹಾಕಿಸಿ, ಮೈ ಕೆರೆತ ಬರುತ್ತದೆ. ಮೂರು ಮಳೆಗಾಲ ಕಳೆಯುವ ಹೊತ್ತಿಗೆ ಹುಲ್ಲು ಹಿಡಿದುಕೊಳ್ಳುತ್ತದೆ. ಈ ಮೂರು ವರ್ಷ ಯಾರೂ ಗ್ಲೈಫೋಸೇಟ್ ಕಳೆನಾಶಕದ ಡ್ರಮ್ ಒಳಗೆ ತರದ ಹಾಗೆ ನೋಡಿಕೊಳ್ಳುವುದೇ ಕಷ್ಟದ ಕೆಲಸ. ನಾನು ಸಲಹೆ ಕೊಟ್ಟಿದ್ದ ಒಂದು ಕಡೆ ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೇ ವರ್ಷ ಮೇಲ್ವಿಚಾರಕ ಬದಲಾದ. ಹೊಸಬನಿಗೆ ಯಾರೂ ಹೇಳಿರಲಿಲ್ಲ. ಎರಡೇ ದಿನದಲ್ಲಿ ಇಡೀ ಜಾಗಕ್ಕೆ ಹೊಡೆಸಿಬಿಟ್ಟ. ನಾನು ಹೋಗುವ ಹೊತ್ತಿಗೆ ಎಲ್ಲ ಹಳದಿಯಾಗಿತ್ತು. ಅಂದಿನಿಂದ 'ಕಳೆನಾಶಕ ಇಲ್ಲ' ಅನ್ನುವ ಮಾತನ್ನು ಕರಾರಿನಲ್ಲೇ ಬರೆಸಿ ಅಂತ ಎಲ್ಲರಿಗೂ ಹೇಳುತ್ತೇನೆ.

ಹುಲ್ಲು ಕತ್ತರಿಸುವುದು ಯಾವಾಗ ಅನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. ಮುಂಗಾರು ಶುರುವಾದಾಗಿನಿಂದ ಹುಲ್ಲಿನಲ್ಲಿ ಗೂಡು, ಮರಿ ಇರುತ್ತವೆ. ನಿಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಬೀಜ ಉದುರುವುದು ಅದರ ಆಮೇಲೆ. ಸ್ವಾತಿ, ವಿಶಾಖ ಮಳೆ ಮುಗಿದು ಹುಲ್ಲು ಹೊಂಬಣ್ಣಕ್ಕೆ ತಿರುಗಿದ ಮೇಲೆ ಕತ್ತರಿಸಿ, ಜನವರಿ ಒಳಗೆ ಮುಗಿಸಿ. ಒಂದೇ ಸಲ ಎಲ್ಲ ಬೋಳಿಸಬೇಡಿ, ಒಂದು ಪಟ್ಟಿ ಕತ್ತರಿಸಿದರೆ ಪಕ್ಕದ್ದು ಬಿಡಿ, ಮುಂದಿನ ವರ್ಷ ಅದಲುಬದಲು. ಮಳೆಗಾಲದ ನಡುವೆ ಪ್ಯಾನೆಲ್‌ಗೆ ಹುಲ್ಲು ತಾಗಿದರೆ ಕೆಳ ಅಂಚಿನ ಉದ್ದಕ್ಕೂ ಮಾತ್ರ, ಮೊಣಕಾಲು ಮಟ್ಟ ಬಿಟ್ಟು ಮೇಲಷ್ಟೇ ಕತ್ತರಿಸಿದರೆ ಸಾಕು. ಬೆಂಕಿಯ ಭಯ ನಿಜವಾದದ್ದು. ಶಿವರಾತ್ರಿ ಕಳೆದ ಮೇಲೆ ಒಂದು ಬೀಡಿ ತುಂಡು ಸಾಕು. ಬೇಲಿಯ ಒಳಗೆ ಸುತ್ತಲೂ ಎರಡು ಮಾರು ಅಗಲ, ಇನ್ವರ್ಟರ್ ಟ್ರಾನ್ಸ್‌ಫಾರ್ಮರ್ ಸುತ್ತಲೂ ಇನ್ನೂ ಅಗಲ, ಫೆಬ್ರವರಿಗೆ ಮೊದಲು ಪೂರ್ತಿ ಕೆರೆದು ಬೆಂಕಿ ಗೆರೆ ಮಾಡಿಸಿ. ಇದರಲ್ಲಿ ರಾಜಿ ಬೇಡ.

ಕತ್ತರಿಸುವುದಕ್ಕಿಂತ ಒಳ್ಳೆಯದು ಕುರಿ. ಮೇಕೆ ಬೇಡ. ಮೇಕೆ ಪ್ಯಾನೆಲ್ ಮೇಲೆ ಹತ್ತುತ್ತದೆ, ತಂತಿ ಅಗಿಯುತ್ತದೆ. ಕುರಿ ತಲೆ ತಗ್ಗಿಸಿ ಮೇಯುತ್ತಾ ಹೋಗುತ್ತದೆ. ಮೊದಲೆಲ್ಲ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಲು ರೈತರೇ ದುಡ್ಡೋ ಕಾಳೋ ಕೊಡುತ್ತಿದ್ದರು ಅಲ್ವಾ? ಇಲ್ಲೂ ಹಾಗೇ ಮಾಡಿ. ನಿಮ್ಮೂರಿನ ಗೊಲ್ಲರಹಟ್ಟಿಯವರನ್ನೋ ಕುರುಬರನ್ನೋ ಕರೆದು ನವೆಂಬರ್‌ನಿಂದ ಮೇ ವರೆಗೆ, ವಾರಕ್ಕೆ ಇಷ್ಟು ದಿನ, ಇಂಥ ಭಾಗದಲ್ಲಿ ಅಂತ ಮಾತಾಡಿಕೊಳ್ಳಿ. ಹುಲ್ಲು ಕತ್ತರಿಸುವ ಆಳಿಗೆ ಕಂಪನಿ ಕೊಡುವ ದುಡ್ಡಿನಲ್ಲಿ ಒಂದು ಪಾಲು ಕುರಿಯವರಿಗೆ ಹೋಗಲಿ. ತಂತಿಗಳೆಲ್ಲ ಕೊಳವೆಯೊಳಗೆ, ಕುರಿ ಬಾಯಿಗೆ ಸಿಗದ ಎತ್ತರದಲ್ಲಿ ಕಟ್ಟಿರಬೇಕು. ಅದು ಇಲಿ ಕಾಟಕ್ಕೂ ಒಳ್ಳೆಯದು.

ಬೇಲಿ. ಇದು ಸ್ವಲ್ಪ ಕಷ್ಟದ ವಿಷಯ. ತಾಮ್ರದ ತಂತಿ ಕಳ್ಳತನ ಆಗುತ್ತದೆ, ಹಾಗಾಗಿ ಬೇಲಿ ಬೇಡ ಅಂತ ಯಾರೂ ಹೇಳಲಾರರು. ಕ್ಯಾಲಿಫೋರ್ನಿಯಾದ ಟೋಪಾಜ್ ಅನ್ನುವ 550 ಮೆಗಾವ್ಯಾಟ್ ಘಟಕದಲ್ಲಿ ಅಳಿವಿನಂಚಿನ ಕಿಟ್ ನರಿಗಳು ಓಡಾಡಲೆಂದು ಬೇಲಿಯನ್ನು ನೆಲದಿಂದ ಮೇಲೆತ್ತಿ ಕಟ್ಟಿದ್ದಾರೆ. ನಮ್ಮ ಗುಳ್ಳೆನರಿ ಅದರ ದಾಯಾದಿಯೇ ಅನ್ನಬಹುದು. ಆದರೆ ನಮ್ಮಲ್ಲಿ ಉದ್ದಕ್ಕೂ ಮೇಲೆತ್ತಿದರೆ ಮೊದಲು ನುಗ್ಗುವುದು ಬೀದಿ ನಾಯಿ. ಒಳಗೆ ಸಿಕ್ಕಿದ ಮೊಲಕ್ಕೆ ಓಡಲು ದಾರಿ ಇರುವುದಿಲ್ಲ. ಅದಕ್ಕೆ ನಾನು ಹೇಳುವುದು, 20 ಮೀಟರ್‌ಗೆ ಒಂದರಂತೆ ಮುಕ್ಕಾಲು ಗೇಣು ಅಗಲ, ಮುಕ್ಕಾಲು ಗೇಣು ಎತ್ತರದ ಕಿಂಡಿ ಬಿಡಿಸಿ. ಅಂಚಿಗೆ ಕಬ್ಬಿಣದ ಚೌಕಟ್ಟು ಇರಲಿ, ಮೈ ಗೀರಬಾರದು. ಮೊಲ, ನರಿ, ಮುಂಗುಸಿ, ಉಡ, ಗೌಜಲ ಎಲ್ಲ ಹಾಯುತ್ತವೆ, ಮನುಷ್ಯ ನುಸುಳಲಾರ. ಬಡಕಲು ನಾಯಿ ಒಂದೊಂದು ಬಂದೀತು. ನಾಯಿಗಳನ್ನು ಕರೆಯುವುದು ಕಿಂಡಿಯಲ್ಲ, ಕಾವಲುಗಾರರ ಕೊಠಡಿ ಹಿಂದೆ ಎಸೆಯುವ ಅನ್ನ. ಅದನ್ನು ಮುಚ್ಚಳದ ಡಬ್ಬಿಗೆ ಹಾಕಿಸಿ. ಮುಳ್ಳುತಂತಿ ಬೇಕೇ ಬೇಕು ಅಂದರೆ ಮೇಲೆ ಒಂದೇ ಎಳೆ. ಗೂಬೆ, ಬಾವಲಿ ಅದರಲ್ಲಿ ಸಿಕ್ಕಿ ಸಾಯುತ್ತವೆ, ಮೂರು ನಾಲ್ಕು ಎಳೆ ಸುತ್ತಿಸಬೇಡಿ. ಕೃಷ್ಣಮೃಗ ನಿಮ್ಮ ಕಡೆ ಬರುತ್ತಿದ್ದರೆ ಅದಕ್ಕೆ ಈ ಕಿಂಡಿ ಸಾಲದು, ಅದಕ್ಕೆ ಆ ತೆರೆದ 4 ಎಕರೆ ಪಟ್ಟಿಯೇ ಬೇಕು. ಆ ಪಟ್ಟಿಗೆ ಬೇಲಿ ಹಾಕಿಸಬೇಡಿ.

ಕೆಲಸ ನಡೆಯುವಾಗ ತಂತಿ ಹೂಳಲು ಕಾಲುವೆ ತೋಡುತ್ತಾರೆ. ರಾತ್ರಿ ತೆರೆದೇ ಬಿಟ್ಟರೆ ಆಮೆ, ಕಪ್ಪೆ, ಹಾವು, ಮೊಲದ ಮರಿ ಬೀಳುತ್ತವೆ. ಸಂಜೆ ಹೊತ್ತು ಅಲ್ಲಲ್ಲಿ ಒಂದು ಹಲಗೆ ಇಳಿಬಿಡಿಸಿದರೆ ಹತ್ತಿ ಹೋಗುತ್ತವೆ. ಕೃಷಿ ಹೊಂಡ ಇದ್ದರೂ ಅಷ್ಟೆ. ಪ್ಲಾಸ್ಟಿಕ್ ಹಾಸಿದ ಹೊಂಡ ಪ್ರಾಣಿಗಳಿಗೆ ಬಲೆ, ನೀರಿಗೆ ಇಳಿದದ್ದು ಜಾರಿ ಜಾರಿ ಮೇಲೆ ಬರಲಾಗದೆ ಸಾಯುತ್ತದೆ. ಒಂದು ಕಡೆ ಗೋಣಿ ಹಾಸಿ ಕಲ್ಲು ಜೋಡಿಸಿ ಇಳಿಜಾರು ಮಾಡಿ. ಪ್ಯಾನೆಲ್ ತೊಳೆದ ನೀರಿಗೆ ಸೋಪು ಸೇರಿಸದಿದ್ದರೆ ಅದೂ ಹುಲ್ಲಿಗೇ ಇಳಿಯುತ್ತದೆ. ಹೊಲದಲ್ಲಿ ತಲೆಮಾರುಗಳಿಂದ ಆಯ್ದು ಒಟ್ಟಿದ ಕಲ್ಲುಗುಡ್ಡೆಗಳು ಇರುತ್ತವೆ. ಅವನ್ನು ಲೋಡು ಮಾಡಿ ಕಳಿಸಬೇಡಿ. ಉಡ, ಮುಂಗುಸಿ, ಓತಿಕ್ಯಾತ ಎಲ್ಲದರ ಮನೆ ಅದು. ಪ್ಯಾನೆಲ್‌ನಿಂದ ದೂರ ಸರಿಸಿ 4 ಎಕರೆಯೊಳಗೆ ಇಡಿಸಿ.

ಹಾವಿನ ಮಾತು ಬಂದೇ ಬರುತ್ತದೆ. ಹುಲ್ಲು ಬಿಟ್ಟರೆ ಹಾವು ಬರುತ್ತದೆ ಅಂತ ಕೆಲಸದವರು ಹೆದರುತ್ತಾರೆ, ಹೆದರಿಕೆ ಸರಿಯಾದದ್ದೇ. ನಾಗರ, ಮಂಡಲ ಎರಡೂ ನಿಮ್ಮ ಕಡೆ ಇವೆ. ಜಲ್ಲಿ ಹಾಸಿದ ಕಡೆಯೂ ಇಲಿ ಇದ್ದರೆ ಹಾವು ಬರುತ್ತದೆ. ಓಡಾಡುವ ದಾರಿಗಳನ್ನು ವರ್ಷವಿಡೀ ಬೋಳಾಗಿಡಿ. ಗಂಬೂಟು, ಟಾರ್ಚು, ಉದ್ದ ಕೋಲು ಕಂಪನಿಯೇ ಕೊಡಬೇಕು. ಹಾವು ಕಚ್ಚಿದರೆ ಔಷಧಿ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಮೊದಲೇ ವಿಚಾರಿಸಿ, ಆ ಫೋನ್ ನಂಬರ್ ಗೋಡೆ ಮೇಲೆ ಬರೆಸಿ. ಪ್ರಾಣಿಗಳ ಬಗ್ಗೆ ಇಷ್ಟೆಲ್ಲ ಯೋಚಿಸಿ ಹುಲ್ಲಿನಲ್ಲಿ ದುಡಿಯುವವರನ್ನು ಮರೆತರೆ ಅದು ಸರಿಯಲ್ಲ.

ಕೊನೆಗೆ ತಂತಿ. ನಿಮ್ಮ ಘಟಕದಿಂದ ಸಬ್‌ಸ್ಟೇಷನ್‌ವರೆಗೆ 11 ಕೆವಿ ಲೈನ್ ಹೋಗುತ್ತದೆ. ನವಿಲು, ಗೂಬೆ, ಹದ್ದು ಕಂಬದ ಮೇಲೆ ಕೂತು ಎರಡು ತಂತಿಗೆ ರೆಕ್ಕೆ ತಾಗಿದರೆ ಸತ್ತಂತೆ. ಕಂಬದ ತಲೆಯ ಹತ್ತಿರ, ಟ್ರಾನ್ಸ್‌ಫಾರ್ಮರ್ ಹತ್ತಿರ ಹೊದಿಕೆ ಇರುವ ತಂತಿ ಹಾಕಲು ಕೇಳಿ, ಖರ್ಚು ಜಾಸ್ತಿ ಆಗದು. ರಾಜಸ್ಥಾನ, ಗುಜರಾತಿನಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳು ಸೋಲಾರ್, ಗಾಳಿ ವಿದ್ಯುತ್ತಿನ ಲೈನ್‌ಗಳಿಗೆ ಡಿಕ್ಕಿ ಹೊಡೆದು ಸಾಯುತ್ತಿದ್ದದ್ದಕ್ಕೆ ಸುಪ್ರೀಂ ಕೋರ್ಟ್ 2021ರಲ್ಲಿ ತಂತಿಗಳನ್ನು ನೆಲದೊಳಗೆ ಹಾಕಿ ಅಂದಿತು, 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ಮಾಡಿತು. ತೂಕದ ಹಕ್ಕಿ, ಎದುರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ತಂತಿ ಕಂಡರೂ ತಟ್ಟನೆ ತಿರುಗಲಾರದು. ಒಂದು ಕಾಲಕ್ಕೆ ನಮ್ಮ ಬಯಲುಸೀಮೆಯಲ್ಲೂ ಇದ್ದ ಹಕ್ಕಿ, ಈಗ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ಇಂಥದ್ದು ಹೋದ ಮೇಲೆ ನ್ಯಾಯಾಲಯ ಸುತ್ತುವುದಕ್ಕಿಂತ ಕಂಬ ನೆಡುವ ಮೊದಲು ಮಾತಾಡುವುದು ಸುಲಭ. ರಾತ್ರಿ ದೀಪಗಳೂ ಅಷ್ಟೆ. ಇಡೀ ರಾತ್ರಿ ಉರಿಯುವ ಬಿಳಿ ದೀಪ ಬೇಡ, ಯಾರಾದರೂ ಹತ್ತಿರ ಬಂದಾಗ ಹತ್ತುವ, ಬೆಳಕು ಕೆಳಕ್ಕೆ ಮಾತ್ರ ಬೀಳುವ ಹಳದಿ ದೀಪ ಸಾಕು.

ಇದೆಲ್ಲ ಬಾಯಿ ಮಾತಲ್ಲಿ ಉಳಿದರೆ ಪ್ರಯೋಜನವಿಲ್ಲ. ಕರಾರು 25 ವರ್ಷದ್ದು. ಈಗ ಒಪ್ಪಿಕೊಂಡ ಮ್ಯಾನೇಜರ್ ಆಗ ಇರುವುದಿಲ್ಲ, ಕಂಪನಿಯೇ ಕೈ ಬದಲಾಗಬಹುದು. ಮೇಲ್ಮಣ್ಣು ಕೆರೆಯಬಾರದು, ಕಳೆನಾಶಕ ಹೊಡೆಯಬಾರದು, ಹುಲ್ಲು ಇಂಥ ತಿಂಗಳಲ್ಲಿ ಮಾತ್ರ ಕತ್ತರಿಸಬೇಕು, ಬೇಲಿ ಕಿಂಡಿ ಮುಚ್ಚಬಾರದು, ಕುರಿಗೆ ಬಿಡಬೇಕು, ಅವಧಿ ಮುಗಿದ ಮೇಲೆ ಕಂಬ ತಂತಿ ಕಿತ್ತು ಮಣ್ಣು ಮುಚ್ಚಿ ಕೊಡಬೇಕು. ಈ ಆರೂ ಕರಾರಿನಲ್ಲಿ ಬರಲಿ. ಕಂಪನಿ ಇನ್ನೊಬ್ಬರಿಗೆ ಮಾರಿದರೆ ಅವರಿಗೂ ಅನ್ವಯ ಅಂತ ಬರಲಿ. ವರ್ಷಕ್ಕೊಮ್ಮೆ ನೀವು ಒಳಗೆ ಹೋಗಿ ನೋಡುವ ಹಕ್ಕೂ ಇರಲಿ. ಒಬ್ಬ ವಕೀಲರ ಹತ್ತಿರ ಓದಿಸಿ ಆಮೇಲೆ ಸಹಿ ಹಾಕಿ.

ನೀವು ಈಗಲೇ ಶುರು ಮಾಡಬಹುದಾದ ಕೆಲಸ ಒಂದಿದೆ. ತಿಂಗಳಿಗೆ ಎರಡು ಸಲ, ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಒಂದು ಗಂಟೆ ಹೊಲ ಸುತ್ತಿ ಕಂಡದ್ದನ್ನೆಲ್ಲ ಬರೆದಿಡಿ. ಹೆಸರು ಗೊತ್ತಿಲ್ಲದಿದ್ದರೆ ಫೋಟೊ ತೆಗೆಯಿರಿ. ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಫೋನಿನಲ್ಲಿ ಹಕ್ಕಿಗಳ ಲೆಕ್ಕ ಬರೆದಿಡುವ ಇ-ಬರ್ಡ್ ಆ್ಯಪ್ ಹಾಕಿಕೊಟ್ಟು ಅವರಿಗೇ ವಹಿಸಿ. ಪ್ಯಾನೆಲ್ ಬರುವ ಮೊದಲು ಒಂದು ವರ್ಷದ ಲೆಕ್ಕ ನಿಮ್ಮ ಕೈಯಲ್ಲಿದ್ದರೆ, ಐದು ವರ್ಷ ಬಿಟ್ಟು ಗೌಜಲ ಕಡಿಮೆ ಆಗಿದೆಯಾ ಜಾಸ್ತಿ ಆಗಿದೆಯಾ ಅಂತ ಯಾರನ್ನೂ ಕೇಳಬೇಕಿಲ್ಲ. ಮೊದಲ ದಿನ ಅಪ್ಪನ ಜೊತೆ ಹೋಗಿ. ಎಲ್ಲಿ ಯಾವುದು ಮೊಟ್ಟೆ ಇಡುತ್ತದೆ ಅಂತ ಅವರು ತೋರಿಸಿದ ಜಾಗಗಳನ್ನೆಲ್ಲ ಸರ್ವೆ ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಿ. ಕಂಪನಿಯವರು ಮತ್ತೆ ಬಂದಾಗ ಆ ನಕ್ಷೆಯನ್ನೇ ಮುಂದಿಟ್ಟು ಮಾತು ಶುರು ಮಾಡಿ.